ಒಂದೂವರೆ ಅಕ್ಷರ

ಸೊಹಾರ್‌ನ ಮೆಡಿಕಲ್ ಸೆಂಟರಿನಲ್ಲಿ
ನನ್ನದು ಮೂರನೇ ಕೋಣೆ, ರಕ್ತ ತೆಗೆಯುವ ಕೆಲಸ.
ದಿನಕ್ಕೆ ನೂರಿಪ್ಪತ್ತು ತೋಳು,
ಹನ್ನೊಂದು ದೇಶ,
ನನ್ನ ಹತ್ತಿರ ಇರುವುದು ಒಂದೂವರೆ ಅಕ್ಷರ:
ಬಸ್.

ಅಷ್ಟರಲ್ಲೇ ನಡೆಯುತ್ತದೆ ಮಾರಾಯ್ರೆ.
ಮುಷ್ಟಿ ಬಿಗಿಹಿಡಿ ಅನ್ನಲು ನನ್ನ ಮುಷ್ಟಿ ತೋರಿಸಿದರಾಯಿತು,
ಸೂಜಿ ಹೊರಬಂದ ಮೇಲೆ ಹತ್ತಿ ಒತ್ತಿ, ಬಸ್.
ಪೆಶಾವರದವನಿಗೆ ಅದು ಸಾಕು, ಮುಗಿಯಿತು.
ಅಲಹಾಬಾದಿನವನಿಗೂ ಅಷ್ಟೇ.
ಈಜಿಪ್ಟಿನ ಮೇಸ್ತ್ರಿಯೊಬ್ಬ ಮಾತ್ರ
ತೋಳು ಮಡಚಿ, ಬೇಕೆಂದೇ ಕಾಯುತ್ತಾನೆ.
ಅವರಲ್ಲಿ ಅದು ‘ಆದರೆ’ ಕೂಡ ಹೌದು.
ಆದರೆ? ಆದರೆ ಏನು, ಸಿಸ್ಟರ್?
ಆದರೆಯ ಮುಂದೆ ಏನೂ ಇಲ್ಲಪ್ಪ, ಏಳು.

ಹೊರಗೆ ಸಾಲು ನಿಂತವರಿಗೆ ಈ ‘ಆದರೆ’ ಚೆನ್ನಾಗಿ ಗೊತ್ತು.
ಫೀ ಫುಲೂಸ್, ಬಸ್ ಬುಕ್ರಾ.
ದುಡ್ಡಿದೆ, ಆದರೆ ನಾಳೆ.
ಕಿಸೆಯಲ್ಲಿ ಮೂರು ತಿಂಗಳ ನಾಳೆಗಳು,
ಮಡಚಿ ಮಡಚಿ ಗೆರೆ ಬಿದ್ದವು.

ಗೇಟಿನ ದಾದ್‌ಖುದಾ ಬಲೂಚಿ. ಅವನ ತಕರಾರೇ ಬೇರೆ:
ಮಾತು ನಮ್ಮದು, ನೀರಿನಾಚೆಯ ಫಾರಸಿಯದು,
ದೋಣಿಯಲ್ಲಿ ಇತ್ತ ಬಂತು,
ಕುದುರೆ ಬೆನ್ನಲ್ಲಿ ನಿಮ್ಮತ್ತ ಹೋಯಿತು,
ಒಯ್ದವರು ಒಬ್ಬರೂ ತಂದುಕೊಡಲಿಲ್ಲ.
ಹೀಗೆ ಹೇಳುತ್ತ ಲೋಟ ಹಿಡಿಯುತ್ತಾನೆ.
ಚಹಾ ಕಂಠದವರೆಗೆ ಬಂದರೂ
ಬಸ್ ಅನ್ನುವುದಿಲ್ಲ.

ಶಿರ್ವದ ಶಾಲೆಯಲ್ಲಿ ಪದ್ದಕ್ಕ ಟೀಚರು
ತತ್ಸಮ ತದ್ಭವ ಬಾಯಿಪಾಠ ಮಾಡಿಸುತ್ತಿದ್ದರು,
ವಶ ಬಸ, ವಶ ಬಸ,
ತಪ್ಪಿದರೆ ಕಿವಿ ಅವರ ಬಸ.
ಇಲ್ಲಿ ನಮ್ಮ ಪಾಸ್‌ಪೋರ್ಟುಗಳು ಕಂಪನಿಯ ಕಪಾಟಿನಲ್ಲಿವೆ.
ಅದನ್ನು ಹೇಳಲು
ಹಳಗನ್ನಡವೇ ಸರಿ.

ಇನ್ನು ಬಸ್ಸು.
ಫಾದರ್ ಬೊನವೆಂತುರ್ ಲ್ಯಾಟಿನ್ ಬಲ್ಲವರು,
ಓಮ್ನಿಬುಸ್ ಎಂದರೆ ಎಲ್ಲರಿಗಾಗಿ ಅಂದಿದ್ದರು.
ಮಂದಿ ತಲೆ ಕಡಿದು ಬಾಲ ಇಟ್ಟುಕೊಂಡರಂತೆ.
ಎಲ್ಲರೂ ಇಳಿದುಹೋದ ಮೇಲೆ
ಸೀಟಿನಲ್ಲಿ ಉಳಿದದ್ದು
ಬರೀ ‘ಗಾಗಿ’.

ಮನೆಯಲ್ಲಿ ಕೊಂಕಣಿ. ಬಸ್ ಅಂದರೆ ಕೂತುಕೋ,
ಬಾಯಲ್ಲಿ ಚೂರು ಗುಂಡಗೆ.
ಬಂದವರಿಗೆ ಮೊದಲ ಮಾತು ಅದೇ,
ನೀರಿಗೂ ಬೆಲ್ಲಕ್ಕೂ ಮುಂಚೆ.
ಏಳು ವರ್ಷದಿಂದ ನಾನು ಅದನ್ನೇ ಹೇಳಿ
ಜನರನ್ನು ಎಬ್ಬಿಸಿ ಕಳಿಸುತ್ತಿದ್ದೇನೆ.

ಮಂಗಳವಾರ ಬಂದವನು ಟೇಕ್‌ರಾಜ್ ಘರ್ತಿ,
ಇಪ್ಪತ್ತೆರಡು, ನೇಪಾಳದ ರೋಲ್ಪಾ ಕಡೆಯವನು.
ಎರಡನೇ ಸಲ ಕರೆಸಿದ್ದರು,
ಎಕ್ಸ್‌ರೇಯಲ್ಲಿ ಬಲಗಡೆ ನೆರಳು.
ರಕ್ತ ತೆಗೆದೆ, ಹತ್ತಿ ಒತ್ತಿದೆ, ಬಸ್ ಅಂದೆ.
ಎದ್ದವನು ಮತ್ತೆ ಕೂತ.
ಬಸ್, ಬಸ್, ಬಾಗಿಲು ತೋರಿಸಿದೆ.
ಇನ್ನೂ ನೆಟ್ಟಗೆ ಕೂತ,
ಇನ್ಸ್‌ಪೆಕ್ಟರ್ ಬಂದ ದಿನದ ಶಾಲೆ ಹುಡುಗನಂತೆ.
ಆಮೇಲೆ ಹೊಳೆಯಿತು.
ಅವನ ಬೆಟ್ಟದಲ್ಲೂ
ಬಂದವರಿಗೆ ಹೀಗೇ ಅನ್ನುತ್ತಾರೆ.

ಹೊರಗೆ ಹಾರ್ನು. ಡ್ರೈವರ್ ತಲೆ ಎಣಿಸಿದ,
ಒಬ್ಬ ಕಡಿಮೆ, ಯಾರೋ ಏನೋ ಹೇಳಿದರು, ಹೊರಟ.
ಗಾಜಿನ ತುಂಬ ಬಿಳಿ ಬಣ್ಣ ಉದ್ದಕ್ಕೆ ಸರಿದು
ಖಾಲಿ ಅಂಗಳ, ಬಿಸಿಲು.
ಅವನು ಕಿಟಕಿ ನೋಡಿದ,
ನನ್ನ ಮೇಜಿನ ಮೇಲಿನ ಅವನದೇ ಕಾಗದ ನೋಡಿದ.
“ಬಸ್?” ಅಂದ.

ಯಾವ ಭಾಷೆಯಲ್ಲಿ ಕೇಳಿದನೋ.
ಹೋಯಿತೇ ಅಂತಲೋ, ಇಷ್ಟೇನಾ ಅಂತಲೋ,
ಕೂತಿರಲೇ ಅಂತಲೋ.

ಮುಂದಿನ ಟೋಕನ್ ನೂರಾ ನಾಲ್ಕು.
ಗುಂಡಿ ಒತ್ತಲಿಲ್ಲ.
ಸ್ಟೂಲು ಎಳೆದು ಎದುರಿಗೆ
ನಾನೂ ಕೂತೆ.